ಡಿಸೆಂಬರ್ ಆಗಿಹೋದ ನೀರಿನ ಆಳ

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾನು ಭಟ್ಕಳದಲ್ಲಿ, ಮೀನುಗಾರರ ಸಂಘವೊಂದರ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗವೆಂದರೆ ನಾನು, ಒಂದು ಕಂಪ್ಯೂಟರ್ ಮತ್ತು ಸಮುದ್ರಕ್ಕೆ ತೆರೆದ ಒಂದು ಕಿಟಕಿ. ಕೆಲಸ ಬಿಟ್ಟು ಹೊರಗೆ ನೋಡುತ್ತ ಕೂತರೆ ನಮ್ಮ ಸಾಹೇಬರು, "ಮೇಡಂ ದುಬೈಗೆ ಹೋದ್ರು" ಎಂದು ಛೇಡಿಸುತ್ತಿದ್ದರು. ನಾನು ಅಲ್ಲಗಳೆಯುತ್ತಿರಲಿಲ್ಲ. ನೀರು, ಆಕಾಶ ಒಂದೇ ಬಣ್ಣಕ್ಕೆ ತಿರುಗುವ ಮಧ್ಯಾಹ್ನಗಳಲ್ಲಿ ದೋಣಿಗಳು ಯಾವುದರ ಮೇಲೆ ತೇಲುತ್ತಿವೆ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ.

ಕಡಲಿಗೆ ಹೊರಡುವ ದೋಣಿಯವರು ಎಷ್ಟು ಮಾರು ನೀರಿಗೆ ಹೋಗುತ್ತೇವೆಂದು ಹೇಳಿಹೋಗುವ ಪದ್ಧತಿ ನಮ್ಮಲ್ಲಿದೆ. ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಅಳತೆ. ನೀರಿನ ಆಳವನ್ನು ನಮ್ಮವರು ಈಗಲೂ ಅದರಲ್ಲೇ ಹೇಳುತ್ತಾರೆ. ಸಂಘದ ಹೊನ್ನಾವರ ಕಚೇರಿಯವರು ಈ ವಿವರವನ್ನು ವಾಟ್ಸಾಪ್‌ನಲ್ಲಿ ಕುಮಟಾಕ್ಕೆ ಕಳಿಸುತ್ತಿದ್ದರು. ಕುಮಟಾ ಕಚೇರಿಯ ಗಣಪತಿ ಅದನ್ನು ಸ್ಪ್ರೆಡ್‌ಶೀಟಿಗೆ ಅಂಟಿಸಿ ಎಲ್ಲರಿಗೂ ಹಂಚುತ್ತಿದ್ದ. ಆಳದ ಕಾಲಂಗೆ "ಎಷ್ಟು" ಎಂದಷ್ಟೇ ತಲೆಬರಹ. ಎಷ್ಟು ಎಂದರೆ ಎಷ್ಟು ಮಾರು, ಇದನ್ನೂ ಬರೆಯಬೇಕೇ ಎಂಬ ಭಾವನೆ ಎಲ್ಲರದು.

ನವೆಂಬರ್ ತಿಂಗಳು. ಗಾಳಿ ಜೋರಾಗುವ ಮುನ್ಸೂಚನೆ ಬಂದು ದೋಣಿಗಳೆಲ್ಲ ದಡ ಸೇರಿದ್ದವು. ಆ ಬೆಳಿಗ್ಗೆ ಮಹಾದೇವಿ ಎಂಬಾಕೆ ಕಚೇರಿಗೆ ಬಂದಳು. ಮುರ್ಡೇಶ್ವರದವಳು. ಅವಳ ಗಂಡ ಹೊನ್ನಾವರದ ದೋಣಿಯೊಂದರ ತಂಡೇಲ, ಅಂದರೆ ದೋಣಿ ನಡೆಸುವವನು. ಆ ದೋಣಿ ಬಂದಿರಲಿಲ್ಲ, ಫೋನೂ ಹತ್ತುತ್ತಿರಲಿಲ್ಲ.

ಸಾಹೇಬರು ಪಟ್ಟಿ ತೆರೆಸಿ ನೋಡಿದರು. "ವಾಪಸಾಗುವ ದಿನ ಡಿಸೆಂಬರ್ ಹತ್ತು ಅಂತ ಇದ್ಯಲ್ಲ ತಂಗಿ. ದೂರ ಹೋಗಿದ್ದಾರೆ, ಗಾಳಿಗೆ ಎಲ್ಲೋ ದಡ ಹತ್ತಿರ್ತಾರೆ. ಹೆದರ್ಬೇಡ."

"ಡಿಸೆಂಬರ್ ತನಕ ಅಲ್ಲಿ ಎಂತ ಮಾಡುದು ಅವ್ರು?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಲ್ಕು ದಿನದ ಅಕ್ಕಿ ಹಾಕ್ಕಂಡು ಹೋಗಿದ್ರು."

ಮುದ್ರಿತ ಅಕ್ಷರಕ್ಕೆ ಇರುವ ಮರ್ಯಾದೆ ಅಳುವ ಹೆಂಗಸಿನ ಮಾತಿಗೆ ಇಲ್ಲ. ನನಗೆ ಸಿಟ್ಟು ಬಂತು, ಆದರೆ ಕಣ್ಣು ಪರದೆಯ ಮೇಲೇ ಇತ್ತು. ಆ ಪಟ್ಟಿ ಯಾವುದೋ ಕನಸಿನಂತಿತ್ತು. ನವೆಂಬರಿನಲ್ಲಿ ಹೊರಟ ದೋಣಿಗಳು ಆಗಸ್ಟಿನಲ್ಲೇ ಮರಳಿದ್ದವು. ಕೆಲವು ಸೆಪ್ಟೆಂಬರಿನಲ್ಲಿ. ಕಾಲದ ಹಂಗಿಲ್ಲದೆ ಹಿಂದಕ್ಕೂ ಮುಂದಕ್ಕೂ ತೇಲುತ್ತಿದ್ದ ಆ ದೋಣಿಗಳನ್ನು ನಾನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಅವುಗಳ ನಡುವೆ ಒಂದು ಸಾಲಿನಲ್ಲಿ ಮಾತ್ರ 18-20 ಎಂದಿತ್ತು. ಇಪ್ಪತ್ತನೇ ತಿಂಗಳು ಯಾವ ಕ್ಯಾಲೆಂಡರಿನಲ್ಲಿದೆ?

ಡಿಸೆಂಬರ್ ಹತ್ತರ ಮೇಲೆ ಕ್ಲಿಕ್ ಮಾಡಿದೆ. ಪರದೆಯ ಮೇಲ್ತುದಿಯ ಫಾರ್ಮುಲಾ ಪಟ್ಟಿಯಲ್ಲಿ 10-12, ಪಕ್ಕದಲ್ಲಿ ಇಸವಿ. ಫಾರ್ಮ್ಯಾಟನ್ನು ಜನರಲ್‌ಗೆ ಬದಲಿಸಿದರೆ ನಲವತ್ತೈದು ಸಾವಿರದ ಚಿಲ್ಲರೆ ಎಂಬ ಸಂಖ್ಯೆ ಬಂತು. ಹಿಂದಿನ ಶತಮಾನದ ಆರಂಭದಿಂದ ದಿನಗಳನ್ನು ಎಣಿಸಿಟ್ಟುಕೊಳ್ಳುವುದು ಸ್ಪ್ರೆಡ್‌ಶೀಟಿನ ರೀತಿ. ಎರಡು ಸಣ್ಣ ಅಂಕಿಗಳ ನಡುವೆ ಅಡ್ಡಗೆರೆ ಕಂಡರೆ ಸಾಕು, ಅದು ಕೇಳದೆಯೇ ದಿನಾಂಕ ಮಾಡಿಬಿಡುತ್ತದೆ. ಇಪ್ಪತ್ತನ್ನು ತಿಂಗಳು ಮಾಡಲು ಆಗಲಿಲ್ಲ, ಹಾಗಾಗಿ 18-20 ಉಳಿದುಕೊಂಡಿತ್ತು. ಕಾಲಂ ತುಂಬ ದಿನಾಂಕ ಕಂಡ ಯಾರೋ "ಎಷ್ಟು" ಎಂಬುದನ್ನು ಅಳಿಸಿ "ವಾಪಸಾಗುವ ದಿನ" ಎಂದು ತಿದ್ದಿದ್ದರು.

"ಸಾಹೇಬರೆ, ಇದು ತಾರೀಕಲ್ಲ. ಹತ್ತು-ಹನ್ನೆರಡು ಮಾರು ನೀರು. ದೋಣಿ ಇಲ್ಲೇ ಹತ್ತಿರದಲ್ಲಿದೆ."

ಇಷ್ಟು ಹತ್ತಿರವಿದ್ದೂ ದಡ ಸೇರಿಲ್ಲವೆಂದರೆ ಏನೋ ತೊಂದರೆಯಾಗಿದೆ ಎಂದು ಸಾಹೇಬರಿಗೂ ಹೊಳೆಯಿತು. ಹೊನ್ನಾವರಕ್ಕೆ ಫೋನ್ ಮಾಡಿ ಮೂಲ ಸಂದೇಶ ಓದಿಸಿದೆವು: ಮುರ್ಡೇಶ್ವರದ ನೇರಕ್ಕೆ, 10-12. ಕೂಡಲೇ ಸಾಹೇಬರು ಕರಾವಳಿ ಕಾವಲಿನವರಿಗೆ ತಿಳಿಸಿದರು. ಆಳ ಗೊತ್ತಾದರೆ ದಡದಿಂದ ಎಷ್ಟು ದೂರವೆಂದೂ ಗೊತ್ತಾಗುತ್ತದೆ, ಇಡೀ ಕಡಲು ಹುಡುಕಬೇಕಿಲ್ಲ. ದಡಕ್ಕೆ ಸಮಾನಾಂತರವಾಗಿ ಒಂದು ಗೆರೆಯುದ್ದಕ್ಕೂ ಹೋದರಾಯಿತು. ಆದರೆ ಸಂಜೆಯೊಳಗೆ ಗಾಳಿ ಏರುವುದಿತ್ತು. ಮಹಾದೇವಿ ನನ್ನ ಕಿಟಕಿಯ ಬಳಿ ಬಂದು ನಿಂತಳು. ಕೊಟ್ಟ ಚಹಾ ಮುಟ್ಟಲಿಲ್ಲ. ಹೊರಗೆ ಸಮುದ್ರ ಎಂದಿನಂತೆ ಚೆಂದವಾಗಿತ್ತು, ಅದನ್ನು ಕಂಡು ನನಗೆ ಮೊದಲ ಸಲ ಭಯವಾಯಿತು.

ಮಧ್ಯಾಹ್ನ ಕಳೆದ ಮೇಲೆ ಫೋನ್ ಬಂತು. ಎಂಜಿನ್ ಕೆಟ್ಟು, ಬ್ಯಾಟರಿ ಸತ್ತು, ಹೇಳಿಹೋದ ನೀರಿನಲ್ಲೇ ಲಂಗರು ಹಾಕಿ ಕೂತಿದ್ದರಂತೆ. ಎಲ್ಲರೂ ಕ್ಷೇಮ.

"ಆತು" ಎಂದಳು ಮಹಾದೇವಿ. ಅಷ್ಟೇ. ಆಮೇಲೆ ನೆಲದ ಮೇಲೆ ಕೂತು ಅತ್ತಳು. ನಾನೂ ಅತ್ತೆ.

ಆ ಸಂಜೆಯೇ ಕಾಲಂ ಪೂರ್ತಿಯನ್ನು ಟೆಕ್ಸ್ಟ್ ಫಾರ್ಮ್ಯಾಟಿಗೆ ಬದಲಿಸಿ, ಆಳಗಳನ್ನು ಮತ್ತೆ ಟೈಪ್ ಮಾಡಿ, "ಎಷ್ಟು ಮಾರು ನೀರು" ಎಂದು ತಲೆಬರಹ ಕೊಟ್ಟೆ. ನಮಗೆಲ್ಲ ಗೊತ್ತೇ ಇದೆ ಎಂದು ಬಿಟ್ಟ ಪದವನ್ನು ಗೊತ್ತಿಲ್ಲದವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ, ಯಂತ್ರವೂ ಅಷ್ಟೇ. ಇದು ನನ್ನ ಕೆಲಸ ಕಲಿಸಿದ ಪಾಠ. ಕೊನೆಗೆ, ಆ ದೋಣಿಯ ಸಾಲಿನ ಖಾಲಿ ಜಾಗದಲ್ಲಿ ಒಂದೇ ಪದ ಬರೆದು ಫೈಲ್ ಕಳಿಸಿದೆ.

ಮರುದಿನ ಗಣಪತಿಯ ಫೋನು. "ಅಕ್ಕ, ಇಲ್ಲಿ 'ಬಂದರು' ಅಂತ ಬರೆದಿದ್ರಲ್ಲ, ಯಾವ ಬಂದರು? ಹೊನ್ನಾವರವೋ, ಭಟ್ಕಳವೋ?"

"ಊರಲ್ಲ ಮಾರಾಯ," ಎಂದೆ. "ಮನೆಗೆ ಬಂದರು."