ಸ್ಪ್ರಿಂಗ್ ಸೈಕಲ್ಲಿನ ಮೇಲೆ ಕೂತಿದ್ದ ಹೆಡ್‌ಮಾಸ್ಟರು

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಆಗ ಹೊಳಲ್ಕೆರೆ ತಾಲ್ಲೂಕಿನಲ್ಲಿ ಪಶು ಇಲಾಖೆಯ ನೌಕರ. ಕುರಿಗಳಿಗೆ ಲಸಿಕೆ ಹಾಕುವುದು ಮುಖ್ಯ ಕೆಲಸ. ಕುರಿಗಳಿರುವುದು ಗುಡ್ಡದ ಮೇಲೆ, ಗುಡ್ಡಕ್ಕಿರುವುದು ಕಾಲುದಾರಿ, ಕಾಲುದಾರಿಯಲ್ಲಿರುವುದು ಬರೀ ಕಲ್ಲು. ಮೋಟಾರ್ ಬೈಕಿನಲ್ಲಿ ಹೋದರೆ ಸದ್ದಿಗೆ ಮಂದೆಯೆಲ್ಲ ಚೆದುರುತ್ತಿತ್ತು. ಅದನ್ನು ಮತ್ತೆ ಒಟ್ಟುಮಾಡುವಷ್ಟರಲ್ಲಿ ಕುರಿಗಾರರು ನನಗೆ ಏನೇನು ಅನ್ನಬೇಕೋ ಎಲ್ಲ ಅಂದು ಮುಗಿಸಿರುತ್ತಿದ್ದರು. ಹಾಗಾಗಿ ಅಪ್ಪನ ಕಾಲದ ಸೈಕಲ್ಲೇ ಗತಿ. ಅದರ ಕ್ಯಾರಿಯರ್‌ಗೆ ಐಸ್ ತುಂಬಿದ ಲಸಿಕೆ ಡಬ್ಬಿ ಕಟ್ಟಿಕೊಂಡು ಹೊರಟರೆ ಮೇಲೆ ಮುಟ್ಟುವ ಹೊತ್ತಿಗೆ ಒಂದಾದರೂ ಬಾಟಲಿ ಒಡೆದಿರುತ್ತಿತ್ತು. ನನ್ನ ಸೊಂಟದ ಪಾಡು ಹೇಳುವುದೇ ಬೇಡ.

ಚಿತ್ರದುರ್ಗಕ್ಕೆ ಮೀಟಿಂಗಿಗೆ ಹೋದಾಗ ಒಂದು ಅಂಗಡಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಗೇರ್ ಸೈಕಲ್ ನೋಡಿದೆ. ಬೆಟ್ಟ ಹತ್ತಿಸಲೆಂದೇ ಮಾಡಿದ್ದಂತೆ. ಅದೇ ವಾರ ಹೊಸದುರ್ಗದಲ್ಲಿ ಅಂಥದ್ದೇ ಇನ್ನೊಂದು ಮಾರಾಟಕ್ಕಿದೆ ಎಂಬ ಸುದ್ದಿಯೂ ಬಂತು. ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬ ತಾನು ಉಳಿದುಕೊಂಡಿದ್ದ ಲಾಡ್ಜಿನಲ್ಲಿ ಅದನ್ನು ಬಿಟ್ಟುಹೋಗಿದ್ದ. ಹೊಸದು ತರುವುದೋ ಹಳೆಯದು ತರುವುದೋ ಎಂದು ನಾನು ಮನೆಯಲ್ಲಿ ಲೆಕ್ಕ ಹಾಕುತ್ತಿರುವಾಗ ಚಿಕ್ಕಜಾಜೂರಿನ ಹತ್ತಿರದಿಂದ ನನ್ನ ಸೋದರಮಾವ ಬಂದ. ಮಾವ ಹುಟ್ಟಾ ಕುರಿಗಾರ. ಟಗರು ಆರಿಸುವುದರಲ್ಲಿ ಅವನ ಮಾತೇ ಕೊನೆ ಎಂದು ಸುತ್ತಲಿನ ಊರುಗಳಲ್ಲಿ ಹೆಸರು. ಸೈಕಲ್ ತುಳಿಯಲು ಅವನಿಗೆ ಬರುತ್ತಿರಲಿಲ್ಲ. ಆದರೂ ಕಾಲಿರೋದಾದರೂ ಚಕ್ರ ಇರೋದಾದರೂ ವ್ಯಾಪಾರ ಒಂದೇ ಎಂದು ಹೇಳಿ ನನ್ನ ಜೊತೆ ಹೊರಟ.

ಮೊದಲು ಚಿತ್ರದುರ್ಗಕ್ಕೆ ಹೋದೆವು. ಅಂಗಡಿಯವರು ಮರ್ಯಾದಸ್ಥರು, ಚಹಾ ತರಿಸಿದರು. ಸೈಕಲ್ ಕೆಂಪಗೆ ಹೊಳೆಯುತ್ತಿತ್ತು. ಮೈತುಂಬ ಪ್ಲಾಸ್ಟಿಕ್ ಸುತ್ತಿತ್ತು. ಮಾವ ಅದರ ಬೆನ್ನು ಒತ್ತಿದ, ಕೆಳಗೆ ಬಗ್ಗಿ ಗೇರಿನ ಹಲ್ಲು ನೋಡಿದ, ಎದ್ದು ನಿಂತು, ಇನ್ನೂ ಹಾಲುಹಲ್ಲು ಬಿದ್ದಿಲ್ಲ, ಎಳೇದು ಎಂದ. ಎತ್ತಿ ನೋಡಿದೆ. ಒಬ್ಬನಿಂದ ಆಗುವ ಭಾರವಲ್ಲ. ಒಂದು ಸುತ್ತು ತುಳಿದು ನೋಡುತ್ತೇನೆ, ಪ್ಲಾಸ್ಟಿಕ್ ಬಿಚ್ಚಿ ಎಂದಾಗ ಅಂಗಡಿಯವರ ಮುಖ ಸಪ್ಪಗಾಯಿತು.

"ತುಳಿದ್ರೆ ಅದು ಹಳೇದಾಗ್ತತಲ್ರಿ," ಎಂದರು. "ಆಮೇಲೆ ನೀವು ಬ್ಯಾಡ ಅಂದ್ರೆ ನಾನು ಹೊಸದು ಅಂತ ಹೆಂಗೆ ಮಾರ್ಲಿ?"

ಅದರಲ್ಲಿ ನ್ಯಾಯವಿತ್ತು. ತುಳಿಯದೆ ಹೇಗೆ ಕೊಳ್ಳುವುದು ಎಂಬ ನನ್ನ ಮಾತಿನಲ್ಲೂ ನ್ಯಾಯವಿತ್ತು. ಎರಡು ನ್ಯಾಯಗಳು ಎದುರುಬದುರು ಕೂತು ಚಹಾ ಕುಡಿದವು, ಅಷ್ಟೆ. ಹಳೆಯದನ್ನು ನೋಡಿಕೊಂಡು ಬರುತ್ತೇವೆ ಎಂದು ಹೇಳಿ ಎದ್ದೆವು.

ಮರುದಿನ ಹೊಸದುರ್ಗಕ್ಕೆ ಹೋದೆವು. ಲಾಡ್ಜಿನ ಯಜಮಾನರು ನಾವು ಸೈಕಲ್ಲಿಗಾಗಿ ಬಂದವರೆಂದು ತಿಳಿದ ತಕ್ಷಣ ಎದ್ದು ನಿಂತು, ದಯವಿಟ್ಟು ಇವತ್ತೇ ತಗೊಂಡು ಹೋಗಿಬಿಡಿ ಎಂದು ಪಿಸುಗುಟ್ಟಿದರು. ಸೈಕಲ್ ಎಲ್ಲಿ ಎಂದು ಕೇಳಿದರೆ ಹಿತ್ತಲ ಜಗಲಿಯ ಕಡೆ ಕೈ ತೋರಿಸಿದರು. ಅಲ್ಲಿ ಕಂಬಕ್ಕೆ ಹಗ್ಗದಿಂದ ಬಿಗಿದ ಹಸಿರು ಸೈಕಲ್ಲೊಂದಿತ್ತು. ಅದರ ಮೇಲೆ ಬಿಳಿ ಪಂಚೆ, ತುಂಬುತೋಳಿನ ಅಂಗಿ ತೊಟ್ಟ ವಯಸ್ಸಾದವರೊಬ್ಬರು ಕೂತು, ಮೇಲೆ ಕೆಳಗೆ, ಮೇಲೆ ಕೆಳಗೆ ಮೆಲ್ಲಗೆ ತೂಗುತ್ತ ಪೇಪರ್ ಓದುತ್ತಿದ್ದರು.

ಅವರು ಯಜಮಾನರ ತಂದೆ, ನಿವೃತ್ತ ಹೆಡ್‌ಮಾಸ್ಟರು. ಬಹಳ ವರ್ಷಗಳಿಂದ ಸೊಂಟನೋವು. ಎಣ್ಣೆ, ಪಟ್ಟು, ದಾವಣಗೆರೆಯ ಡಾಕ್ಟರು, ಯಾವುದಕ್ಕೂ ಬಗ್ಗದ ನೋವು ಒಂದು ದಿನ ಸುಮ್ಮನೆ ಈ ಸೈಕಲ್ಲಿನ ಮೇಲೆ ಕೂತಾಗ ಸಡಿಲವಾಯಿತಂತೆ. ಅಂದಿನಿಂದ ಊಟ, ನಿದ್ದೆ, ಸ್ನಾನ ಬಿಟ್ಟರೆ ಅವರ ವಾಸ ಅದರ ಮೇಲೇ. ಲಾಡ್ಜಿಗೆ ಬಂದ ಗಿರಾಕಿಗಳು ಹಿತ್ತಲಿಗೆ ಹೋಗಿ ನೋಡಿ ಬರುತ್ತಿದ್ದರು. ಮಗನಿಗೆ ಅದೊಂದು ದೊಡ್ಡ ಮುಜುಗರ.

ಹೆಡ್‌ಮಾಸ್ಟರು ಪೇಪರ್ ಮಡಿಸಿ ನನ್ನನ್ನು ವಿಚಾರಿಸಿದರು. ಓದು ಎಷ್ಟು, ಕೆಲಸ ಏನು, ಸೈಕಲ್ ಯಾತಕ್ಕೆ. ಕುರಿಗಳಿಗೆ ಲಸಿಕೆ ಹಾಕಲು ಗುಡ್ಡ ಹತ್ತಬೇಕು ಎಂದೆ.

"ಕುರಿಗೋಸ್ಕರ ನನ್ನ ಸೊಂಟ ಬಿಟ್ಟುಕೊಡು ಅಂತೀರಾ?" ಎಂದರು. ಕೋಪವಿರಲಿಲ್ಲ, ತರಗತಿಯಲ್ಲಿ ಪ್ರಶ್ನೆ ಕೇಳುವ ಧಾಟಿಯಲ್ಲೇ ಕೇಳಿದರು.

ಹೊಸದನ್ನು ತುಳಿಯುವಂತಿಲ್ಲ, ಹಳೆಯದಾಗುತ್ತದೆ. ಹಳೆಯದನ್ನು ತುಳಿಯುವಂತಿಲ್ಲ, ಮೇಲೆ ಹೆಡ್‌ಮಾಸ್ಟರು ಇದ್ದಾರೆ. ನಾನು ನಮಸ್ಕಾರ ಹೇಳಿ ಹೊರಡಲು ನೋಡಿದೆ. ಆದರೆ ನಮ್ಮನ್ನು ಬರಿಗೈಯಲ್ಲಿ ಕಳಿಸಲು ಅವರಿಗೂ ಮನಸ್ಸು ಬರಲಿಲ್ಲವೇನೋ. ತಾವು ಇಳಿಯುವುದಿಲ್ಲ, ಬೇಕಾದರೆ ತಮ್ಮನ್ನು ಕೂರಿಸಿಕೊಂಡೇ ತಳ್ಳಿ ಪರೀಕ್ಷೆ ಮಾಡಬಹುದು ಎಂದರು. ಮಾವನಿಗೆ ಇದು ತೀರ ಸರಿಯೆನಿಸಿತು. ಹಗ್ಗ ಬಿಚ್ಚಿದ. ಅವನು ಹ್ಯಾಂಡಲ್ ಹಿಡಿದ, ನಾನು ಹಿಂದಿನಿಂದ ಸೀಟು ಹಿಡಿದೆ, ಯಜಮಾನರು ಮುಖ ಮರೆಸಿಕೊಂಡು ಒಳಗೆ ಹೋದರು.

ಪೇಟೆ ಬೀದಿಯಲ್ಲಿ ಗುಂಡಿಗಳಿಗೇನೂ ಬರವಿರಲಿಲ್ಲ. ಒಂದೊಂದು ಗುಂಡಿ ದಾಟಿದಾಗಲೂ ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡು ವರದಿ ಕೊಡುತ್ತಿದ್ದರು. ಇದು ಗೊತ್ತಾಗಲೇ ಇಲ್ಲ, ಇದು ಚೂರು ಗೊತ್ತಾಯಿತು, ಇದನ್ನು ಇನ್ನೊಂದು ಸಲ ತನ್ನಿ. ನಾವು ಹಿಂದಕ್ಕೆ ಎಳೆದು ಮತ್ತೆ ಅದೇ ಗುಂಡಿಗೆ ಇಳಿಸುತ್ತಿದ್ದೆವು. ಅಂಗಡಿಗಳವರು ಎದ್ದು ಕೈ ಮುಗಿದರು, ಅವರಲ್ಲಿ ಅರ್ಧ ಜನ ಹೆಡ್‌ಮಾಸ್ಟರ ಶಿಷ್ಯರೇ. ಆಗ ಪಟ್ಟಣ ಪಂಚಾಯ್ತಿ ಚುನಾವಣೆ ಹತ್ತಿರ ಬಂದಿತ್ತು. ಕಿರಾಣಿ ಅಂಗಡಿಯವನೊಬ್ಬ ಓಡಿ ಬಂದು, "ಸಾರ್, ಯಾವ ವಾರ್ಡಿಗೆ ನಿಂತೀರಿ? ಸೈಕಲ್ ಗುರ್ತೇನ್ರಿ?" ಎಂದು ಕೇಳಿದ. ಅವರು ಇನ್ನೂ ತೀರ್ಮಾನಿಸಿಲ್ಲ ಎಂದರು. ಆಮೇಲೆ ತಿಳಿದದ್ದು, ಆ ಸಂಜೆಯೇ ಎರಡು ವಾರ್ಡುಗಳಿಂದ ಜನ ಬಂದು ಲಾಡ್ಜಿನಲ್ಲಿ ಕೂತಿದ್ದರಂತೆ.

ವಾಪಸ್ ಬಂದು ಕಂಬಕ್ಕೆ ಕಟ್ಟುವಾಗ ಮಾವ ಸೈಕಲ್ಲಿನ ಹಿಂಭಾಗ ಸವರುತ್ತ ಯೋಚಿಸುತ್ತಿದ್ದ. ನನಗಂತೂ ಸೈಕಲ್ ಮೆಚ್ಚುಗೆಯಾಗಿಬಿಟ್ಟಿತ್ತು. ಅಷ್ಟು ಹಗುರ. ಬಣ್ಣ ಕೆದರಿತ್ತು, ಟೈರು ಸವೆದಿತ್ತು, ಬಿಡಿಭಾಗ ಈ ಜಿಲ್ಲೆಯಲ್ಲಿ ಸಿಗುವ ಮಾತೇ ಇಲ್ಲ. ಆದರೂ ಹೆಡ್‌ಮಾಸ್ಟರನ್ನು ಹೊತ್ತುಕೊಂಡು ನೀರಿನ ಮೇಲೆ ಹೋದ ಹಾಗೆ ಹೋಗಿತ್ತು.

ಮಾವ ಹೆಡ್‌ಮಾಸ್ಟರ ಕಡೆ ತಿರುಗಿದ. "ಸಾಮಿ, ದುರ್ಗದಾಗೆ ಹೊಸದೊಂದು ಐತೆ. ತುಳಿಯಂಗಿಲ್ಲ. ಆದ್ರೆ ಬರೇ ಕುಂತ್ಕಂಡ್ರೆ ಹಳೇದಾಗಲ್ಲ. ಒಂದ್ಸಲ ಕುಂತು ನೋಡ್ರಲ್ಲ."

ಹೆಡ್‌ಮಾಸ್ಟರು ತೂಗುವುದನ್ನು ನಿಲ್ಲಿಸಿದರು. "ಹೋಗಾಣ," ಎಂದರು.

ಮಾರನೆಯ ದಿನ ಅಪ್ಪ ಮಗ ಇಬ್ಬರೂ ಬಸ್ಸಿನಲ್ಲಿ ಬಂದರು. ಬಸ್ಸಿನ ಸೀಟಿನ ಮೇಲೆ ಕೂರಲಾರದೆ ಹೆಡ್‌ಮಾಸ್ಟರು ಹೊಸದುರ್ಗದಿಂದ ಚಿತ್ರದುರ್ಗದವರೆಗೂ ನಿಂತೇ ಬಂದಿದ್ದರು. ಅಂಗಡಿಯವರಿಗೆ ವಿಷಯ ಬಿಡಿಸಿ ಹೇಳಿದೆವು. ಪ್ಲಾಸ್ಟಿಕ್ ಬಿಚ್ಚುವುದಿಲ್ಲ, ಚಕ್ರ ತಿರುಗುವುದಿಲ್ಲ, ಬರೀ ಕೂರುವುದು. ಅವರು ಹುಡುಕಿದರೂ ತಕರಾರು ಸಿಗಲಿಲ್ಲ. ಸ್ಟ್ಯಾಂಡ್ ಹಾಕಿ, ಮಾವ ಒಂದು ಕಡೆ ನಾನು ಒಂದು ಕಡೆ ಹಿಡಿದು, ಹೆಡ್‌ಮಾಸ್ಟರನ್ನು ಮೇಲೆ ಕೂರಿಸಿದೆವು.

ಸೀಟು ಅಗಲವಿತ್ತು. ಪ್ಲಾಸ್ಟಿಕ್ ಚರಚರ ಎಂದಿತು. ಅವರು ಒಮ್ಮೆ ತೂಗಿದರು, ಇನ್ನೊಮ್ಮೆ ತೂಗಿದರು, ಆಮೇಲೆ ತೂಗುತ್ತಲೇ ಹೋದರು. ಅಂಗಡಿಯವರು ಎರಡನೆಯ ಸಲ ಚಹಾ ತರಿಸಿದರು. ಹೆಡ್‌ಮಾಸ್ಟರು ಕಣ್ಣು ಮುಚ್ಚಿದ್ದರು. ನಾವು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಬಾಗಿಲಲ್ಲಿ ನಿಂತಿದ್ದೆವು. ಕೊನೆಗೆ ಮಗ ಹತ್ತಿರ ಹೋಗಿ ಬಗ್ಗಿ ನೋಡಿದರು. ಅಪ್ಪ ನಿದ್ದೆ ಹೋಗಿದ್ದರು.

ಮಗ ಜೇಬಿಗೆ ಕೈ ಹಾಕಿದರು. ಹಿತ್ತಲಿನ ಮುಜುಗರ ತಪ್ಪುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೆ ಅಪ್ಪ ಹಗಲು ಹೊತ್ತು ಹೀಗೆ ಮೈಮರೆತು ಮಲಗಿದ್ದನ್ನು ಅವರು ಎಷ್ಟೋ ವರ್ಷದಿಂದ ಕಂಡಿರಲಿಲ್ಲವಂತೆ.

ಹೀಗೆ ಎಂದೂ ತುಳಿಯದವರಿಗೆ ಬೆಟ್ಟ ಹತ್ತುವ ಹೊಸ ಸೈಕಲ್ ಹೋಯಿತು, ಹಳೆಯದು ನನ್ನ ಪಾಲಿಗೆ ಬಂತು. ಹೊಸದನ್ನು ಬಸ್ಸಿನ ಮೇಲೆ ಏರಿಸುವಾಗ ಅಂಗಡಿಯವರು, ಪ್ಲಾಸ್ಟಿಕ್ ಯಾವಾಗ ಬಿಚ್ಚುತ್ತೀರಿ ಎಂದು ಕೇಳಿದರು. ಬಿಚ್ಚುವುದು ಯಾತಕ್ಕೆ ಎಂದು ಹೆಡ್‌ಮಾಸ್ಟರು ತಿರುಗಿ ಕೇಳಿದರು.

ಹಸಿರು ಸೈಕಲ್ ನನಗೆ ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಪರದೇಶದಲ್ಲಿ ಬ್ರೇಕುಗಳನ್ನು ಅದಲುಬದಲಾಗಿ ಹಾಕುತ್ತಾರೆಂದು ನನಗೆ ಯಾರು ಹೇಳಬೇಕು? ಮೊದಲ ದಿನವೇ, ಹಿಂದಿನ ಚಕ್ರದ್ದು ಎಂದುಕೊಂಡು ಎಡಗೈ ಬ್ರೇಕು ಹಿಡಿದರೆ ಮುಂದಿನದು ನಿಂತುಬಿಟ್ಟಿತು. ನಾನು ಹ್ಯಾಂಡಲ್ ದಾಟಿ ಪಕ್ಕದ ಸೂರ್ಯಕಾಂತಿ ಹೊಲದಲ್ಲಿದ್ದೆ. ಕ್ಯಾರಿಯರ್ ಇಲ್ಲದ್ದರಿಂದ ಬೆನ್ನಿಗೆ ಹಾಕಿಕೊಂಡಿದ್ದ ಚೀಲದ ಬಾಟಲಿಗಳಲ್ಲಿ ಒಂದೂ ಒಡೆದಿರಲಿಲ್ಲ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಎದ್ದು ನೋಡಿ, ನೀರು ಬೇಕೇನಪ್ಪ ಎಂದು ಕೇಳಿ, ಕೊಟ್ಟು, ಮತ್ತೆ ಬಗ್ಗಿದರು.

ಒಂದು ತಿಂಗಳಲ್ಲಿ ಕೈಗೆ ರೂಢಿಯಾಯಿತು. ಆಮೇಲೆ ಒಂದು ಬೆಳಿಗ್ಗೆ, ಮಳೆ ಬಿದ್ದು ದಾರಿಯ ಧೂಳು ಕೂತಿದ್ದಾಗ, ಗುಡ್ಡದ ನೆತ್ತಿಯ ದಾರಿಯಲ್ಲಿ ಹೋಗುತ್ತಿದ್ದೆ. ಚಕ್ರದಡಿ ಕಲ್ಲುಗಳು ಬಂದು ಹೋಗುತ್ತಿದ್ದವು, ನನಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಸೊಂಟ ಎಂಬುದೊಂದಿದೆ ಎನ್ನುವುದೂ ಮರೆತಿತ್ತು. ಹೋಗಬೇಕಾಗಿದ್ದ ಕುರಿರೊಪ್ಪ ದಾಟಿತು. ಕುರಿಗಾರ ಕೂಗಿದ್ದು ಕೇಳಿಸಿತು, ನಾನು ಕೈ ಬೀಸಿ ಮುಂದೆ ಹೋದೆ. ನಿಂತದ್ದು ಇಳಿಜಾರು ಮುಗಿದ ಮೇಲೆ, ಹೆಸರೂ ಗೊತ್ತಿಲ್ಲದ ಒಂದು ಊರಿನಲ್ಲಿ. ಚಹಾದಂಗಡಿಯ ಮುಂದೆ ಕೂತಿದ್ದವರು ನನ್ನ ಚೀಲ ನೋಡಿ ಯಾರು ಏನು ಎಂದು ವಿಚಾರಿಸಿದರು. ಕುರಿಗಳಿಗೆ ಲಸಿಕೆ ಹಾಕಲು ಬಂದೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಊರಿನಲ್ಲಿ ಕುರಿಯೇ ಇಲ್ಲ ಎಂದರು. ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು.