ಮುಳ್ಳಿನ ತುದಿ ಯಾವ ಕಡೆಗೆ

ಕಳೆದ ಭಾನುವಾರ ಕೊಟ್ಟಿಗೆಯ ಅಟ್ಟದಿಂದ ಸೌದೆ ಇಳಿಸುವಾಗ ಒಂದು ಕವೆಗೋಲು ಕೈಗೆ ಸಿಕ್ಕಿತು. ಮುಳ್ಳುಕೊಂಬೆಗಳನ್ನು ಕೈ ತಾಗದಂತೆ ಎತ್ತಿ ಬೇಲಿಗೆ ಒತ್ತುವ, ತುದಿ ಎರಡಾಗಿ ಸೀಳಿದ ಉದ್ದನೆಯ ಕೋಲು. ಹಿಡಿಯುವ ಜಾಗ ಸವೆದು ನುಣುಪಾಗಿತ್ತು. ಅದು ಪಕ್ಕದ ಹೊಲದ ತಾತನದು. ನಮ್ಮಲ್ಲಿ ಹೇಗೆ ಉಳಿಯಿತೆಂದು ಯೋಚಿಸುತ್ತ ನಿಂತೆ... ನೆನಪಾದೊಡನೆ ಸೌದೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದೆ.

ತೊಂಬತ್ತೆರಡರ ದಿನಚರಿ ಹುಡುಕಿ ತೆಗೆದೆ. ನಾನಾಗ ಎಂಟನೇ ತರಗತಿ. ಮೇಲುಕೋಟೆ ಬೆಟ್ಟದ ಕೆಳಗಿನ ನಮ್ಮ ಊರಿಗೆ ಆ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಚಿರತೆ ಇಳಿಯತೊಡಗಿತ್ತು. ಕಾಣೆಯಾದ ನಾಯಿಗಳ ಪಟ್ಟಿ ಇಟ್ಟಿದ್ದೆ: ಮೂರು ವಾರದಲ್ಲಿ ನಾಲ್ಕು. ನಾಲ್ಕನೆಯದನ್ನು ಕಟ್ಟಿಹಾಕಿದ್ದರು, ಬೆಳಿಗ್ಗೆ ಸರಪಳಿ ಮಾತ್ರ ಉಳಿದಿತ್ತು. ನಮ್ಮ ಕೆಂಚಿ ಮಲಗುತ್ತಿದ್ದುದು ಹಿತ್ತಲಲ್ಲಿ. ನಾಯಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಅವ್ವ ಒಪ್ಪಲಿಲ್ಲ. ಹಿತ್ತಲಿಗೆ ಬೇಲಿ ಆಗಲೇಬೇಕಿತ್ತು.

ಶ್ರೀರಂಗಪಟ್ಟಣದ ಕಚೇರಿಯಲ್ಲಿ ಕೆಲಸಕ್ಕಿದ್ದ ಅಪ್ಪ ಮುಳ್ಳುತಂತಿ ತರುತ್ತೇನೆಂದರು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತೋಟದ ತಂತಿಬೇಲಿಯನ್ನು ಅಳೆದು ಬಂದೆ. ಎಳೆಗಳ ನಡುವೆ ಒಂದು ಗೇಣಿಗೂ ಹೆಚ್ಚು ಸಂದು. ಆಮೇಲೆ, ಚಿರತೆ ಆ ಸಂದಿನಲ್ಲಿ ತೂರೀತೇ ಎಂದು ಅಂದಾಜಿಸಲು, ದಾರ ಹಿಡಿದು ಕೆಂಚಿಯ ತಲೆ, ಎದೆ ಅಳೆದೆ.

“ಅಳ್ತೆ ತಕಂಡು ಅದ್ಕೇನ್ ಲಂಗ ಒಲಿಸ್ತೀಯ?” ಎಂದಳು ಅವ್ವ.

ಸುತ್ತಲಿನ ಹೊಲಗಳಿಗೆಲ್ಲ ಬೇಲಿ ಕಟ್ಟುತ್ತಿದ್ದವರು ತಾತ. ಅವರನ್ನು ಕರೆದೆ. ಹಿತ್ತಲನ್ನು ಒಂದು ಸುತ್ತು ಹಾಕಿ ಅಂದರು:

“ತಂತಿ ಸಂದಿಲಿ ಚಿರ್ತೆ ನೀರಂಗೆ ತೂರ್ಕತದೆ ಕಣವ್ವ. ಜಾಲಿ ಮುಳ್ಳಾದ್ರೆ ಮೂತಿ ಇಕ್ಕಕಾಗಕಿಲ್ಲ.”

ನಾನು ತಾತನ ಪಕ್ಷ ಹಿಡಿದೆ. ಎರಡು ದಿನದಲ್ಲಿ ನನ್ನ ತಲೆಗಿಂತ ಎತ್ತರದ ಬೇಲಿ ಎದ್ದಿತು. ಕೊಂಬೆಗಳ ಬುಡ ಒಳಕ್ಕೆ, ಮುಳ್ಳಿನ ತುದಿ ಹೊರಕ್ಕೆ. ದನ, ಮೇಕೆಗಳಿಂದ ಪೈರು ಕಾಯಲು ಅವರು ಯಾವಾಗಲೂ ಜೋಡಿಸುತ್ತಿದ್ದುದೇ ಹಾಗೆ. ನಾನು ಹೊರಗಿನಿಂದ ಸುತ್ತು ಬಂದು ಕೋಲಿನಿಂದ ಚುಚ್ಚಿ ನೋಡಿದೆ. ದಿನಚರಿಯಲ್ಲಿ ‘ಸಂದು: ಸೊನ್ನೆ’ ಎಂದಿದೆ. ಒಳಗಿನಿಂದಲೂ ನೋಡಬೇಕೆಂದು ನನಗೆ ಹೊಳೆಯಲಿಲ್ಲ, ತಾತನಿಗೂ...

ಬೇಲಿ ಎದ್ದ ನಾಲ್ಕನೆಯ ಸಂಜೆ, ದೀಪ ಹಚ್ಚುವ ಹೊತ್ತು, ನಾನು ಹಿತ್ತಲಲ್ಲಿದ್ದೆ. ಬೇಲಿಯಾಚೆಯ ರಾಗಿ ಕೂಳೆಯಲ್ಲಿ ಏನೋ ಸರಿದ ಸದ್ದಾಗಿ ಕೆಂಚಿ ಬೊಗಳುತ್ತ ನುಗ್ಗಿತು. ಅದು ಒಳಗಿನಿಂದ ತಳ್ಳಿದ್ದಕ್ಕೆ ಕೊಂಬೆಗಳು ಮಣಿದು ದಾರಿ ಬಿಟ್ಟುಬಿಟ್ಟವು. ಬೊಗಳು ಥಟ್ಟನೆ ನಿಂತಿತು. ಆಮೇಲೆ ಬೇಲಿಯ ಹೊರಗಿನಿಂದ ಕುಂಯ್‌ಗುಟ್ಟುವ ಸದ್ದು. ಕೆಂಚಿ ಹೋದ ದಾರಿಯಲ್ಲೇ ತಲೆ ತೂರಿಸುತ್ತಿತ್ತು. ತುದಿಗಳೆಲ್ಲ ಅದರ ಮುಖಕ್ಕೇ ಇದ್ದವು. ಅದರ ಹಿಂದೆ, ದೂರವೇನಲ್ಲ, ಗರಗಸ ಎಳೆದಂಥ ಉಸಿರು. ಬೇಲಿಯ ಬಾಗಿಲು ಇನ್ನೊಂದು ಪಕ್ಕಕ್ಕಿತ್ತು. ನಾನು ಅತ್ತ ಓಡಲಿಲ್ಲ, ಯಾರನ್ನೂ ಕೂಗಲಿಲ್ಲ.

ಸದ್ದು ಕೇಳಿ ತಾತ ಕೋಲು ಸಮೇತ ಹಿತ್ತಲೊಳಗೆ ಓಡಿ ಬಂದರು. ಕವೆಗೋಲು ಒತ್ತುವುದಕ್ಕೆ ಸರಿ, ಎಳೆಯಲು ಬಾರದು. ಅದನ್ನು ಬಿಸಾಡಿ, ಎರಡೂ ತೋಳುಗಳಲ್ಲಿ ಮುಳ್ಳನ್ನು ಅಪ್ಪಿ ಒಳಕ್ಕೆ ಎಳೆದರು. ಕೆಂಚಿ ಒಳಗೆ ಬಿತ್ತು. ಅದೇ ಕೈಗಳಿಂದ ಮುಳ್ಳನ್ನು ಮತ್ತೆ ಸಂದಿಗೆ ಒತ್ತಿ ಹಿಡಿದು ನಿಂತರು. ಅಪ್ಪ ಒಲೆಯ ಕೊಳ್ಳಿ ತಂದು ಬೀಸಿದ ಮೇಲೆ ಆ ಉಸಿರು ದೂರವಾಯಿತು.

ಮರುದಿನ ಬೇಲಿಯಿಂದ ಚಿರತೆಯ ಹೆಜ್ಜೆಗುರುತಿನವರೆಗೆ ಅಳೆದೆ: ನನ್ನ ಐದು ಹೆಜ್ಜೆ. ತಾತ ಕೈಗಳಿಗೆ ಬಟ್ಟೆ ಸುತ್ತಿಕೊಂಡು ಬಂದು, ಒಳಗಡೆಗೂ ಒಂದು ಸಾಲು ಕಟ್ಟಿದರು, ಈ ಸಲ ತುದಿ ಒಳಕ್ಕೆ ಮಾಡಿ. ಕೊನೆಯ ಕೊಂಬೆ ಒತ್ತಿ ನನ್ನ ಕಡೆ ತಿರುಗಿದರು.

“ಆಚೆಯಿಂದ ಬರಾದ್ನೇ ತಡೀತಾ ಬಂದೆ. ರಾಗಿ ಪೈರು ಎದ್ದು ಓಯ್ತದಾ? ಒಳಗಿರೋ ಜೀವ ಆಚೆ ಓಗಿ ತಿರ‍್ಗ ಬರ್ಬೇಕು ಅನ್ನಾದು ತಲೇಗೆ ಬರ್ನಿಲ್ಲ ಕಣವ್ವ.”

ಕವೆಗೋಲನ್ನು ನಮ್ಮ ಗೋಡೆಗೆ ಒರಗಿಸಿ ಹೋದವರು ಅದನ್ನು ಮತ್ತೆ ಕೇಳಲಿಲ್ಲ. ಅವರ ಬಲಗೈಯ ಎರಡು ಬೆರಳನ್ನು ಆಮೇಲೆ ಸರಿಯಾಗಿ ಮಡಚಲಾಗಲಿಲ್ಲವೆಂದು ಅವ್ವ ಹೇಳುತ್ತಿದ್ದಳು. ಮುಂದೆ ಅವರು ಬೇರೆಯವರ ಹೊಲಕ್ಕೆ ಬೇಲಿ ಕಟ್ಟಿದ್ದನ್ನು ನಾನು ಕಾಣಲಿಲ್ಲ...

ಕೆಂಚಿ ಮತ್ತೂ ಐದು ವರ್ಷ ಬದುಕಿತು. ತಾತ ಹೋಗಿ ಈ ಶ್ರಾವಣಕ್ಕೆ ಒಂದು ವರ್ಷ. ಬೇಲಿಯನ್ನು ಗೆದ್ದಲು ತಿಂದು ಮುಗಿಸಿದೆ. ಆ ಸಂಜೆಯ ಪುಟದಲ್ಲಿ ‘ಕೆಂಚಿಯ ಮೈಯಿಂದ ತೆಗೆದ ಮುಳ್ಳು: ಹದಿನೇಳು’ ಎಂದು ಬರೆದಿದ್ದೇನೆ. ಅದರ ಕೆಳಗೆ ‘ತಾತನ ಕೈ:’ ಎಂದು ಬರೆದು ಜಾಗ ಬಿಟ್ಟಿದ್ದೇನೆ. ಕೇಳಿ ತುಂಬೋಣವೆಂದಿದ್ದೆ. ಕೇಳಲು ಹೆದರಿದೆ.

ಆ ಜಾಗ ಹಾಗೆಯೇ ಇದೆ.