ಡೆಹ್ರಾಡೂನಿಗೆ ಹೊರಟ ಪಲ್ಲವಿಯ ವ್ಯಾನು

ಒಂದು ವ್ಯಾನಿನ ಮೈಮೇಲಿರುವ ಗೀರುಗಳನ್ನು ಫಾರಂನಲ್ಲಿ ಬರೆಸುತ್ತಾ ಬರೆಸುತ್ತಾ ನನ್ನ ಭಾವ ಅತ್ತುಬಿಟ್ಟರು.

ಅರವತ್ತೆಂಟರ ಮನುಷ್ಯ. ಇದ್ದೊಬ್ಬ ಮಗಳು ಹೋದ ದಿನ ಬಂದವರಿಗೆಲ್ಲ ಕುರ್ಚಿ ಹಾಕಿಸಿ, ಕಾಫಿ ಕೊಡಿಸಿ, ಯಾರು ಯಾವ ಗಾಡಿಯಲ್ಲಿ ಹೋಗಬೇಕೆಂದು ಹೇಳಿ ಕಳಿಸಿದವರು. ಆವತ್ತು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕಳೆದ ತಿಂಗಳು ಗೊಟ್ಟಿಗೆರೆ ಆಚೆಯ ಒಂದು ಯಾರ್ಡಿನಲ್ಲಿ, ಹನ್ನೊಂದು ಗಂಟೆ ಬಿಸಿಲಲ್ಲಿ, ಗುರುತಿಲ್ಲದವರ ಎದುರು ಅತ್ತರು.

ಮೊದಲಿಂದ ಹೇಳುತ್ತೇನೆ.

ಪಲ್ಲವಿ ನಮ್ಮಕ್ಕನ ಮಗಳು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಗುವ ಕಾಯಿಲೆ ಅವಳಿಗೆ. ಹನ್ನೊಂದನೇ ವಯಸ್ಸಿಗೆ ಗಾಲಿಕುರ್ಚಿ ಬಂತು. ಬ್ಯಾಟರಿಯ ಕುರ್ಚಿ, ಇಬ್ಬರು ಗಂಡಸರು ಸೇರಿದರೂ ಎತ್ತಲಾಗದು. ಭಾವ ಟೆಂಪೊದಷ್ಟು ದೊಡ್ಡ ವ್ಯಾನೊಂದನ್ನು ಕೊಂಡು, ನಡುವಿನ ಸೀಟು ಕಿತ್ತು, ಛಾವಣಿ ಎತ್ತರಿಸಿ, ಹಿಂದೆ ಮಡಚುವ ರ‍್ಯಾಂಪ್ ಮಾಡಿಸಿದರು.

ಅಷ್ಟು ದೊಡ್ಡ ಗಾಡಿ ಯಾಕೆ ಬೇಕಿತ್ತು? ಜಯನಗರದ ರಸ್ತೆಯವರೆಲ್ಲ ಕೇಳಿದ್ದರು. (ಪಾರ್ಕಿಂಗ್ ಜಾಗ ತಿನ್ನುತ್ತದೆ ಎಂಬ ಸಿಟ್ಟು.) ನಮ್ಮ ಫುಟ್‌ಪಾತ್ ನೋಡಿದ್ದೀರಲ್ಲ? ಒಂದು ಕಲ್ಲು ಎದ್ದಿರುತ್ತದೆ, ಇನ್ನೊಂದು ಇರುವುದೇ ಇಲ್ಲ, ಮೂರನೆಯದರ ಮೇಲೆ ಬೈಕು. ಬ್ಯಾಂಕಿಗೆ ಮೆಟ್ಟಿಲು, ದರ್ಶಿನಿಗೆ ಮೆಟ್ಟಿಲು, ಡಾಕ್ಟರ ಕ್ಲಿನಿಕ್ಕಿಗೂ ಮೆಟ್ಟಿಲು. ಊರು ಒಂದು ಇಳಿಜಾರು ಕೊಡಲಿಲ್ಲ. ಅದಕ್ಕೇ ಭಾವ ಅದನ್ನು ಗಾಡಿಗೆ ಕಟ್ಟಿಕೊಂಡು ಹದಿನಾಲ್ಕು ವರ್ಷ ಓಡಾಡಿದರು.

ಆ ವ್ಯಾನಿನಲ್ಲಿ ಪಲ್ಲವಿ ಸ್ಕೂಲು ಮುಗಿಸಿದಳು, ಡಿಗ್ರಿ ಮುಗಿಸಿದಳು, ಜೆ.ಪಿ. ನಗರದ ಆಫೀಸೊಂದರಲ್ಲಿ ಕೆಲಸಕ್ಕೂ ಸೇರಿದಳು. ಕಳೆದ ಮಳೆಗಾಲದಲ್ಲಿ ಎದೆಗೆ ಕಫ ಕಟ್ಟಿತು. ಐದು ದಿನ ಆಸ್ಪತ್ರೆ. ಅಷ್ಟೇ.

ವ್ಯಾನು ಮನೆ ಮುಂದೆಯೇ ನಿಂತಿತು. ಮಧ್ಯಾಹ್ನ ಊಟ ಆದ ಮೇಲೆ ಅಕ್ಕ ಹೋಗಿ ಅದರೊಳಗೆ ಕೂರುವಳು. ಗಾಲಿಕುರ್ಚಿ ನಿಲ್ಲುತ್ತಿದ್ದ ಖಾಲಿ ಜಾಗದ ಪಕ್ಕ ಅವಳದ್ದೊಂದು ಸೀಟಿತ್ತು. ಅಲ್ಲೇ. ಮನೆ ಬಿಟ್ಟು ಅವಳು ಹೋಗುತ್ತಿದ್ದುದು ಅಷ್ಟು ದೂರ ಮಾತ್ರ.

“ಇಟ್ಕೊಂಡು ಏನ್ ಮಾಡ್ತೀರಿ, ಕೊಟ್ಬಿಡಿ” ಎಂದವರೆಷ್ಟೋ ಜನ. (ನಾನೂ ಹೇಳಿದೆ. ಅಂಕಣ ಬರೆಯುವವರಿಗೆ ಬುದ್ಧಿ ಹೇಳುವ ಚಟ.) ಅಕ್ಕ ಊಟ ಮುಗಿಸಿ ಮತ್ತೆ ವ್ಯಾನಿಗೆ ಹೋಗುವಳು.

ಆಮೇಲೆ ಪಲ್ಲವಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೊಥೆರಪಿಸ್ಟ್ ಮೂಲಕ ಡೆಹ್ರಾಡೂನಿನ ಒಬ್ಬ ತಾಯಿಯ ಫೋನ್ ಬಂತು. ಅವರ ಮಗನಿಗೂ ಅದೇ ಕಾಯಿಲೆ. ಎತ್ತಿ ಎತ್ತಿ ಅಪ್ಪನ ಬೆನ್ನು ಹೋಗಿದೆ, ಕಾಲೇಜು ಬಿಟ್ಟು ಹುಡುಗ ಮನೆಯಲ್ಲೇ ಇದ್ದಾನೆ, ನಿಮ್ಮ ವ್ಯಾನು ಸಿಗಬಹುದಾ? ಇದೆಲ್ಲ ಅವರ ಹಿಂದಿಯಲ್ಲಿ, ನಮ್ಮಕ್ಕನ ಟಿ.ವಿ. ನೋಡಿ ಕಲಿತ ಹಿಂದಿಗೆ ಅರ್ಥವಾದಷ್ಟು.

ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮೂರು ವಾರ ಬಿಟ್ಟು ಒಂದು ದಿನ ನನ್ನನ್ನು ಕೇಳಿದಳು, “ಆ ಹುಡುಗನ ಕುರ್ಚಿ ಎಷ್ಟು ಅಗಲ ಅಂತೆ? ಕೇಳು.” ಕೇಳಿ ಹೇಳಿದೆ. ಟೇಪು ಹಿಡಿದು ರ‍್ಯಾಂಪ್ ಅಳೆದಳು. “ಹಿಡಿಸತ್ತೆ” ಎಂದಳು. ಅದೇ ಒಪ್ಪಿಗೆ.

“ನಾನೇ ಓಡಿಸ್ಕೊಂಡು ಹೋಗಿ ಕೊಟ್ಟು ಬರ್ತೀನಿ” ಎಂದರು ಭಾವ. ಬೈಪಾಸ್ ಆದ ಹೃದಯ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಡಾಕ್ಟರು ಒಂದೇ ಮಾತಲ್ಲಿ ಬೇಡ ಎಂದರು. ಹಾಗಾಗಿ ಕಾರ್ ಕ್ಯಾರಿಯರ್. ಹೈವೇಯಲ್ಲಿ ಏಳೆಂಟು ಕಾರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋಗುವ ಉದ್ದನೆಯ ಲಾರಿ ನೋಡಿದ್ದೀರಲ್ಲ, ಅದು. ಅದು ನಮ್ಮ ಓಣಿಗಳಿಗೆ ಬರುವುದಿಲ್ಲ. ಗಾಡಿಯನ್ನು ನಾವೇ ಯಾರ್ಡಿಗೆ ಒಯ್ಯಬೇಕು. ಬರುವುದಿಲ್ಲ ಎನ್ನುತ್ತಿದ್ದ ಅಕ್ಕ ಕೊನೇ ಗಳಿಗೆಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಂದಳು. ತನ್ನ ಸೀಟಿನಲ್ಲೇ ಕೂತಳು.

ಯಾರ್ಡಿನ ಮೇಲ್ವಿಚಾರಕ ಮುನಿರಾಜು ಅಲ್ಲಿಯವರೇ. ತಮ್ಮ ಹೊಲವಿದ್ದ ಜಾಗದಲ್ಲೇ ಈಗ ಲಾರಿ ನಿಲ್ಲಿಸುತ್ತಾರೆ. ಕೈಯಲ್ಲೊಂದು ಫಾರಂ, ಅದರಲ್ಲಿ ಗಾಡಿಯ ಚಿತ್ರ. ಎಲ್ಲೆಲ್ಲಿ ಗೀರು, ತಗ್ಗು ಇದೆಯೋ ಅಲ್ಲಲ್ಲಿ ಗುರುತು ಹಾಕುತ್ತಾರೆ. ಆಮೇಲೆ ದಾರಿಯಲ್ಲಾಯಿತು ಎಂಬ ಜಗಳ ಬರಬಾರದಲ್ಲ?

“ಸಾರ್, ಬಲಗಡೆ ಡೋರಲ್ಲಿ ಉದ್ದಕ್ಕೆ ಗೀರಿದೆ. ಹಳೇದಾ?”

“ಹಳೇದು. ಅವಳ ಡಿಗ್ರಿ ಕಾಲೇಜ್ ಮೊದಲನೇ ದಿನ. ಗೇಟು ಚಿಕ್ಕದಿತ್ತು.”

“ಬಂಪರ್ ಒಳಗೆ ಹೋಗಿದೆಯಲ್ಲ ಸಾರ್?”

“ಲಾಲ್‌ಬಾಗ್ ಫ್ಲವರ್ ಶೋ. ಸಿದ್ದಾಪುರದ ಕಡೆ ನಿಲ್ಲಿಸೋಕೆ ಹೋಗಿ ಕಂಬಕ್ಕೆ ತಗಲಿಸಿದೆ. ಎಷ್ಟು ನಕ್ಕಳು ಗೊತ್ತಾ. ಅಪ್ಪಾ, ಇನ್ಮೇಲೆ ನಾನೇ ಓಡಿಸ್ತೀನಿ ಅಂದ್ಲು...”

ಭಾವ ಕನ್ನಡಕ ತೆಗೆದರು. ಬಾಯಿಗೆ ಕರ್ಚೀಫು ಒತ್ತಿಕೊಂಡು ಗಾಡಿಗೆ ಒರಗಿ ನಿಂತರು.

ಪಾಪ, ಮುನಿರಾಜುಗೆ ಏನೂ ಗೊತ್ತಿಲ್ಲ. ನಾನು ಎರಡು ಮಾತಲ್ಲಿ ಹೇಳಿದೆ. ಅವರು ಪೆನ್ನು ಜೇಬಿಗಿಟ್ಟು, ನೀರು ತರಿಸಿ, ಭಾವನನ್ನು ನೆರಳಲ್ಲಿ ಕೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಅಕ್ಕನನ್ನು ಮೆಲ್ಲಗೆ ಕೇಳಿದರು, “ಅಮ್ಮ, ಒಳಗಡೆ ನೆಲದ ಮೇಲೆ ಎರಡು ಗೆರೆ ಸವೆದಿದೆಯಲ್ಲ?”

“ಅವಳ ಚಕ್ರದ್ದು. ಅದನ್ನ ಡ್ಯಾಮೇಜ್ ಅಂತ ಬರೀಬೇಡಿ.”

ಬರೆಯಲಿಲ್ಲ.

ಹತ್ತಿಸುವಾಗ ಇನ್ನೊಂದು ಕಷ್ಟ. ಛಾವಣಿ ಎತ್ತರ, ಕ್ಯಾರಿಯರಿನ ಕೆಳಗಿನ ಅಂತಸ್ತಿನಲ್ಲೂ ತಗಲುತ್ತಿತ್ತು. ಡ್ರೈವರು ನಾಲ್ಕೂ ಟೈರಿನ ಗಾಳಿ ಸ್ವಲ್ಪ ಇಳಿಸಿ, ಮೇಲಂತಸ್ತಿನ ಹಲಗೆಯನ್ನು ಒಂದಿಷ್ಟು ಎತ್ತಿ, ಉಸಿರು ಬಿಗಿಹಿಡಿದು ಒಳಗೆ ತೆಗೆದುಕೊಂಡ. ಎರಡು ಬೆರಳಿನಷ್ಟು ಜಾಗ ಉಳಿಯಿತು. ಚಕ್ರಗಳಿಗೆ ಬೆಲ್ಟ್ ಬಿಗಿದ. ಅಕ್ಕ ಸೀರೆ ಎತ್ತಿ ಕಟ್ಟಿ, ಹಲಗೆ ಹತ್ತಿ ಹೋಗಿ, ಒಂದೊಂದು ಬೆಲ್ಟನ್ನೂ ಎಳೆದು ನೋಡಿದಳು. ಯಾರೂ ತಡೆಯಲಿಲ್ಲ. ಹದಿನಾಲ್ಕು ವರ್ಷ ಹೊರಡುವ ಮುಂಚೆ ಕುರ್ಚಿಯ ಬೆಲ್ಟ್ ಎಳೆದು ನೋಡಿದ ಕೈ ಅದು.

ಮೂವರೂ ಆಟೋ ಹಿಡಿದು ವಾಪಸ್ ಬಂದೆವು.

ಗಾಡಿ ಎಲ್ಲಿದೆ ಎಂದು ತಿಳಿಸುವ ಲಾರಿ ಕಂಪನಿಯ ಮೆಸೇಜು ದಿನಾ ನನ್ನ ಫೋನಿಗೆ ಬರುತ್ತಿತ್ತು. ಮರುದಿನ ಬೆಳಗ್ಗೆ ಏಳೂವರೆಗೆ ಅಕ್ಕನ ಫೋನು. “ಎಲ್ಲಿಗೆ ಬಂತು?” ತಿಂಗಳುಗಟ್ಟಲೆ ತಾನಾಗಿ ಫೋನ್ ಮಾಡದವಳು. “ಅನಂತಪುರ” ಎಂದೆ. ಅದರ ಮರುದಿನ ಹೈದರಾಬಾದ್. ಆಮೇಲೆ ನಾಗಪುರ. ಪಲ್ಲವಿಯ ಸ್ಕೂಲ್ ಅಟ್ಲಾಸ್ ತೆಗೆದಿಟ್ಟುಕೊಂಡು ಪೆನ್ಸಿಲಲ್ಲಿ ಗುರುತು ಹಾಕುತ್ತಿದ್ದಾಳೆ ಎಂದು ಭಾವ ಹೇಳಿದರು.

ನಾಗಪುರದಲ್ಲಿ ಎರಡು ದಿನ ನಿಂತಿತು. ಅಕ್ಕನಿಗೆ ಕಳವಳ. “ಒಂದೇ ಕಡೆ ಯಾಕ್ ನಿಂತಿದೆ? ವಿಚಾರಿಸು.” ವಿಚಾರಿಸಿದೆ. ಬೇರೆ ಕಾರುಗಳನ್ನು ಹತ್ತಿಸಿಕೊಳ್ಳಬೇಕಂತೆ. “ಸದ್ಯ” ಎಂದಳು. ನಾನು ಫೋನಿಟ್ಟು ಯೋಚಿಸಿದೆ, ಇದು ಗಾಡಿಯ ಚಿಂತೆಯಾ? ಆಸ್ಪತ್ರೆಯ ಐದು ದಿನ ಐಸಿಯು ಬಾಗಿಲಲ್ಲಿ ನಿಂತು ಇವಳು ಇದೇ ದನಿಯಲ್ಲಿ ನರ್ಸುಗಳನ್ನು ವಿಚಾರಿಸುತ್ತಿದ್ದಳು. ಆಗ ಯಾರೂ ಸರಿಯಾದ ಉತ್ತರ ಕೊಟ್ಟಿರಲಿಲ್ಲ.

ಹತ್ತನೇ ದಿನ ತಲುಪಿತು. ಸಂಜೆ ಆ ತಾಯಿ ವಿಡಿಯೊ ಕಳಿಸಿದರು. ಸಣಕಲು ಹುಡುಗ, ಉಣ್ಣೆ ಟೋಪಿ, ತಾನೇ ಗುಂಡಿ ಒತ್ತಿ ರ‍್ಯಾಂಪ್ ಹತ್ತಿ ಒಳಗೆ ಹೋಗುತ್ತಾನೆ, ತಿರುಗಿ ನಗುತ್ತಾನೆ. ಅಕ್ಕ ನಾಲ್ಕು ಸಲ ನೋಡಿದಳು. “ಕುರ್ಚಿ ಬೆಲ್ಟ್ ಸಡಿಲ ಇದೆ” ಎಂದು ತಕ್ಷಣ ಡೆಹ್ರಾಡೂನಿಗೆ ಫೋನ್ ಮಾಡಿ ಅದನ್ನು ಬಿಗಿಸಿದ ಮೇಲೆಯೇ ಸಮಾಧಾನ. ಭಾವ ನನ್ನ ಕಡೆ ನೋಡಿ ತಲೆಯಾಡಿಸಿದರು. ಒಳ್ಳೆಯದಾಯಿತು ಎಂದುಕೊಂಡೆವು. ಒಳ್ಳೆಯದೇ ಆಗಿದೆ. ಒಂದು ಮನೆಯ ಬಾಗಿಲು ತೆರೆದಿದೆ.

ಮರುದಿನ ಏಳೂವರೆಗೆ ಮತ್ತೆ ಅಕ್ಕನ ಫೋನು. ನಾನು ಹಲೋ ಎಂದೆ.

“ಇನ್ಮೇಲೆ ಬೆಳಗ್ಗೆ ಎದ್ದು, ಯಾರು ಎಲ್ಲಿಗೆ ಬಂದ್ರು ಅಂತ ಕೇಳ್ಲಿ, ಹೇಳು?”